ಅಪಸ್ಮಾರದ ಔಷಧ: ಉಳಿತಾಯ ಬೆಲೆಯಲ್ಲಿರಲಿ, ಮಾತ್ರೆಯಲ್ಲಿ ಬೇಡ

ಅಪಸ್ಮಾರವು ಕ್ಷಣಮಾತ್ರದಲ್ಲಿ ಮನುಷ್ಯನನ್ನು ನೆಲಕ್ಕೆ ಕೆಡಹುವ ವ್ಯಾಧಿ. ಜನಸಾಮಾನ್ಯರು ಇದನ್ನು ಮೂರ್ಛೆರೋಗವೆಂದೂ ಫಿಟ್ಸ್ ಎಂದೂ ಕರೆಯುತ್ತಾರೆ. ಮಿದುಳಿನ ನರಕೋಶಗಳ ನಡುವೆ ಸಹಜವಾಗಿ ಹರಿಯುವ ವಿದ್ಯುತ್ ಸಂಕೇತಗಳು ಒಮ್ಮೆಲೇ ಅಂಕೆ ತಪ್ಪಿದಾಗ ಸೆಳವು ಉಂಟಾಗುತ್ತದೆ. ಇದು ಶಾಪವಲ್ಲ, ಗಾಳಿ ಸೋಂಕಿದ್ದಲ್ಲ, ಒಬ್ಬರಿಂದೊಬ್ಬರಿಗೆ ಹರಡುವ ಅಂಟುಜಾಡ್ಯವೂ ಅಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ವ್ಯಾಧಿ ಇದೆಯೆಂದೂ, ಸರಿಯಾದ ರೋಗನಿರ್ಣಯ ಮತ್ತು ಚಿಕಿತ್ಸೆ ದೊರೆತರೆ ಅವರಲ್ಲಿ ಶೇ. 70ರವರೆಗಿನ ಮಂದಿ ಸೆಳವಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಇಷ್ಟು ಭರವಸೆಯುಳ್ಳ ಚಿಕಿತ್ಸೆಯನ್ನು ಅನೇಕರು ಅರ್ಧಕ್ಕೇ ಕೈಬಿಡುತ್ತಾರೆ. ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಹಣ. ಜ್ವರದ ಮಾತ್ರೆಯನ್ನು ಮೂರು ದಿನ ನುಂಗಿದರೆ ಮುಗಿಯಿತು. ಅಪಸ್ಮಾರದ ಮಾತ್ರೆಯನ್ನು ವರ್ಷಗಟ್ಟಲೆ, ಕೆಲವರು ಜೀವಮಾನವಿಡೀ ಸೇವಿಸಬೇಕಾಗುತ್ತದೆ. ಕೂಲಿಯ ದುಡ್ಡಿನಲ್ಲಿ ಸಂಸಾರ ನಡೆಸುವ ಮನೆಗೆ ಇದು ತಿಂಗಳು ತಿಂಗಳೂ ಬರುವ ಭಾರ. ಈ ಭಾರವನ್ನು ಅಪಾಯವಿಲ್ಲದೆ ಇಳಿಸಿಕೊಳ್ಳುವ ಬಗೆಯನ್ನು ಸದ್ಭಕ್ತರು ಅರಿತಿರಬೇಕೆಂಬುದು ಈ ಲೇಖನದ ಉದ್ದೇಶ.

ಮಾತ್ರೆ ಕಡಿಮೆ ಮಾಡುವುದು ಉಳಿತಾಯವಲ್ಲ

ಹಣ ಸಾಲದಾದಾಗ ಮನೆಯವರು ಮಾಡುವ ಮೊದಲ ಕೆಲಸವೆಂದರೆ ಎರಡು ಹೊತ್ತಿನ ಮಾತ್ರೆಯನ್ನು ಒಂದು ಹೊತ್ತಿಗೆ ಇಳಿಸುವುದು, ಒಂದು ಮಾತ್ರೆಯನ್ನು ಮುರಿದು ಎರಡು ದಿನ ನೂಕುವುದು, ಅಥವಾ ಆರು ತಿಂಗಳು ಫಿಟ್ಸ್ ಬರಲಿಲ್ಲವೆಂದು ಪೂರ್ಣವಾಗಿ ನಿಲ್ಲಿಸುವುದು. ಇದು ಅತ್ಯಂತ ಅಪಾಯಕರವಾದ ನಡೆ.

ಈ ಔಷಧಗಳು ರಕ್ತದಲ್ಲಿ ಒಂದು ನಿಶ್ಚಿತ ಮಟ್ಟದಲ್ಲಿ ಇರುವವರೆಗೆ ಮಾತ್ರ ಮಿದುಳನ್ನು ಕಾಯುತ್ತವೆ. ಹೊತ್ತು ತಪ್ಪಿದರೆ ಆ ಮಟ್ಟ ಕುಸಿಯುತ್ತದೆ. ಥಟ್ಟನೆ ನಿಲ್ಲಿಸಿದರಂತೂ ಮೊದಲಿಗಿಂತ ಉಗ್ರವಾದ ಸೆಳವುಗಳು ಒಂದರ ಹಿಂದೊಂದು ಬರಬಹುದು. ಐದು ನಿಮಿಷ ಮೀರಿ ನಿಲ್ಲದ ಸೆಳವು, ನಡುವೆ ಪ್ರಜ್ಞೆ ಮರಳದೆ ಮತ್ತೆ ಮತ್ತೆ ಬರುವ ಸೆಳವು ಪ್ರಾಣಕ್ಕೇ ಎರವಾಗಬಲ್ಲದು. ಅಂಥ ಸಮಯದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ತೀವ್ರ ನಿಗಾ ಘಟಕದಲ್ಲಿ ಕಳೆಯುವ ಕೆಲವೇ ದಿನಗಳ ಖರ್ಚು ವರ್ಷಗಳ ಮಾತ್ರೆಯ ಖರ್ಚನ್ನು ಮೀರಿಸಬಹುದು. ಒಲೆಯ ಮುಂದೆ, ಬಾವಿಯ ದಂಡೆಯಲ್ಲಿ, ವಾಹನದ ಮೇಲೆ ಸೆಳವು ಬಂದರೆ ಆಗುವ ಹಾನಿಗೆ ಬೆಲೆ ಕಟ್ಟಲಾಗದು.

ಆದ್ದರಿಂದ ಉಳಿತಾಯವನ್ನು ಮಾತ್ರೆಯ ಬೆಲೆಯಲ್ಲಿ ಹುಡುಕಬೇಕೇ ಹೊರತು ಮಾತ್ರೆಯ ಎಣಿಕೆಯಲ್ಲಿ ಅಲ್ಲ.

ಒಂದೇ ಔಷಧ, ಹಲವು ಹೆಸರು

ಪ್ರತಿಯೊಂದು ಔಷಧಕ್ಕೂ ಎರಡು ಹೆಸರುಗಳಿರುತ್ತವೆ. ಒಂದು ಅದರೊಳಗಿನ ರಾಸಾಯನಿಕದ ಮೂಲ ಹೆಸರು. ಇನ್ನೊಂದು ಕಂಪನಿಯು ಮಾರಾಟಕ್ಕಾಗಿ ಇಟ್ಟುಕೊಂಡ ಬ್ರಾಂಡ್ ಹೆಸರು. ಮೂಲ ಹೆಸರಿನಲ್ಲೇ ಮಾರಾಟವಾಗುವ ಔಷಧವನ್ನು ಜನೆರಿಕ್ ಔಷಧವೆನ್ನುವುದು ರೂಢಿ. ಅಪಸ್ಮಾರಕ್ಕೆ ಹೆಚ್ಚಾಗಿ ಬಳಸುವ ಫಿನೋಬಾರ್ಬಿಟೋನ್ 1912ರಿಂದಲೂ, ಫೆನಿಟಾಯಿನ್ 1938ರಿಂದಲೂ ಚಿಕಿತ್ಸೆಯಲ್ಲಿವೆ. ಕಾರ್ಬಮಜೆಪಿನ್, ಸೋಡಿಯಂ ವಾಲ್ಪ್ರೊಯೇಟ್, ಕ್ಲೋಬಜಾಮ್, ಲೆವಿಟಿರಾಸಿಟಾಮ್ ಮುಂತಾದವು ಅನಂತರ ಬಂದವು. ಇವೆಲ್ಲವುಗಳ ಪೇಟೆಂಟ್ ಅವಧಿ ಮುಗಿದು ಕಾಲವಾಗಿದೆ. ಹೀಗಾಗಿ ಒಂದೇ ಔಷಧವನ್ನು ಅನೇಕ ಕಂಪನಿಗಳು ತಯಾರಿಸಿ, ಒಂದೊಂದೂ ಒಂದೊಂದು ಹೆಸರಿನಲ್ಲಿ, ಒಂದೊಂದು ಬೆಲೆಗೆ ಮಾರುತ್ತವೆ. ಹೆಚ್ಚು ಬೆಲೆಯ ಬ್ರಾಂಡಿಗೆ ನಾವು ಕೊಡುವ ಹಣದಲ್ಲಿ ಗಣನೀಯ ಭಾಗ ಪ್ರಚಾರಕ್ಕೂ ಹೆಸರಿಗೂ ಸಲ್ಲುತ್ತದೆ.

ಔಷಧದ ಪಟ್ಟಿಯ ಮೇಲೆ ಈ ಮೂಲ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಮುದ್ರಿತವಾಗಿರಬೇಕೆಂದು ನಿಯಮವಿದೆ. ಮನೆಯಲ್ಲಿರುವ ಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಂಡು ಮೂಲ ಹೆಸರು ಹಾಗೂ ಮಿಲಿಗ್ರಾಂ ಪ್ರಮಾಣವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಮುಂದಿನ ಎಲ್ಲ ವಿಚಾರಣೆಗೂ ಇದೇ ಆಧಾರ.

ಅಗ್ಗದ ಮಾತ್ರೆ ಕೆಲಸ ಮಾಡೀತೇ ಎಂಬ ಶಂಕೆ ಸಹಜವೇ. ಜೈವಿಕ ಸಮಾನತೆಯ ಪರೀಕ್ಷೆಯಲ್ಲಿ ಹೊಸ ಮಾತ್ರೆಯನ್ನೂ ಮೂಲ ಮಾತ್ರೆಯನ್ನೂ ಸ್ವಯಂಸೇವಕರಿಗೆ ಕೊಟ್ಟು, ರಕ್ತದಲ್ಲಿ ಔಷಧವು ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ಸೇರುತ್ತದೆಂದು ಅಳೆದು ಹೋಲಿಸುತ್ತಾರೆ. ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ತಯಾರಿಕಾ ಪರವಾನಗಿಗೆ ಈ ಪರೀಕ್ಷೆಯನ್ನು ನಮ್ಮ ದೇಶದಲ್ಲಿ 2017ರಲ್ಲಿ ಕಡ್ಡಾಯಗೊಳಿಸಲಾಯಿತು. ಅಮೆರಿಕದಲ್ಲಿ ಲ್ಯಾಮೊಟ್ರಿಜಿನ್ ಎಂಬ ಅಪಸ್ಮಾರದ ಔಷಧದ ಎರಡು ಭಿನ್ನ ಜನೆರಿಕ್ ಮಾತ್ರೆಗಳನ್ನು ರೋಗಿಗಳಿಗೇ ಅದಲು ಬದಲಾಗಿ ಕೊಟ್ಟು ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವೆರಡೂ ಸಮಾನವೆಂದೇ ಕಂಡುಬಂದಿತು. ಬೆಲೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಔಷಧವನ್ನು ಕೀಳೆಂದು ಭಾವಿಸಬೇಕಾಗಿಲ್ಲ.

ಕಡಿಮೆ ಬೆಲೆಗೆ ಎಲ್ಲಿ ದೊರೆಯುತ್ತದೆ?

ಮೊದಲನೆಯದು ಸರ್ಕಾರಿ ಆಸ್ಪತ್ರೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಮಾನಸಿಕ ಕಾಯಿಲೆ ಹಾಗೂ ಅಪಸ್ಮಾರವನ್ನು ಗುರುತಿಸಿ ಔಷಧ ಕೊಡುವುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಕಲಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಈ ಕಾರ್ಯಕ್ರಮದಡಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ದಿನಗಳಂದು ತಪಾಸಣೆ ನಡೆಯುತ್ತದೆ. ಲಭ್ಯವಿರುವ ಔಷಧಗಳನ್ನು ಉಚಿತವಾಗಿ ಕೊಡುತ್ತಾರೆ. ದಿನ ಯಾವುದೆಂದು ತಮ್ಮ ಊರಿನ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು.

ಎರಡನೆಯದು ಜನೌಷಧಿ ಕೇಂದ್ರ. 2008ರಲ್ಲಿ ಆರಂಭವಾದ ಈ ಯೋಜನೆಯ ಅಂಗಡಿಗಳಲ್ಲಿ ಔಷಧಗಳು ಮೂಲ ಹೆಸರಿನಲ್ಲೇ ದೊರೆಯುತ್ತವೆ. ಪ್ರಸಿದ್ಧ ಬ್ರಾಂಡುಗಳಿಗಿಂತ ಬೆಲೆ ಶೇ. 50ರಿಂದ 80ರಷ್ಟು ಕಡಿಮೆಯೆಂದು ಸರ್ಕಾರ ಹೇಳುತ್ತದೆ. ‘ಜನೌಷಧಿ ಸುಗಮ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವನ್ನೂ ಔಷಧದ ಬೆಲೆಯನ್ನೂ ನೋಡಬಹುದು.

ಮೂರನೆಯದು ಸಾಮಾನ್ಯ ಔಷಧ ಅಂಗಡಿ. ಅಪಸ್ಮಾರದ ಪ್ರಮುಖ ಔಷಧಗಳು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಈ ಪಟ್ಟಿಯ ಔಷಧಗಳಿಗೆ ಗರಿಷ್ಠ ಬೆಲೆಯ ಮಿತಿಯನ್ನು ಗೊತ್ತುಪಡಿಸಲಾಗುತ್ತದೆ. ಆ ಮಿತಿಯ ಒಳಗೂ ಕಂಪನಿಯಿಂದ ಕಂಪನಿಗೆ ಬೆಲೆ ಬೇರೆಯಾಗಿರಬಹುದು. ಪಟ್ಟಿಯ ಬೆಲೆಗಿಂತ ಒಂದು ಮಾತ್ರೆಯ ಬೆಲೆಯನ್ನು ಲೆಕ್ಕ ಹಾಕುವುದು ಸರಿ. ಏಕೆಂದರೆ ಕೆಲವು ಪಟ್ಟಿಗಳಲ್ಲಿ 10, ಕೆಲವುಗಳಲ್ಲಿ 15 ಮಾತ್ರೆಗಳಿರುತ್ತವೆ. ದಿನಕ್ಕೆ ಎರಡು ಮಾತ್ರೆಯಂತೆ ವರ್ಷಕ್ಕೆ 730 ಮಾತ್ರೆ ಬೇಕು. ಒಂದು ಮಾತ್ರೆಯಲ್ಲಿ 3 ರೂಪಾಯಿ ಉಳಿದರೆ ವರ್ಷಕ್ಕೆ 2,190 ರೂಪಾಯಿ ಉಳಿಯುತ್ತದೆ. ಬಡ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ವೈದ್ಯರು ಚೀಟಿಯಲ್ಲಿ ಬ್ರಾಂಡ್ ಹೆಸರನ್ನು ಬರೆದಿದ್ದರೆ ಅದರ ಬದಲಿಗೆ ಬೇರೆ ಕಂಪನಿಯ ಮಾತ್ರೆಯನ್ನು ತನ್ನಿಷ್ಟದಂತೆ ಕೊಡಲು ಔಷಧ ನಿಯಮಗಳು ಅಂಗಡಿಯವರಿಗೆ ಅವಕಾಶ ಕೊಡುವುದಿಲ್ಲ. ಆದಕಾರಣ, “ಮೂಲ ಹೆಸರಿನಲ್ಲೇ ಬರೆದುಕೊಡಿರಿ, ಜನೌಷಧಿಯಲ್ಲಿ ತೆಗೆದುಕೊಳ್ಳುತ್ತೇವೆ” ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಹೀಗೆ ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಬದಲಾಯಿಸುವಾಗ ಎಚ್ಚರ

ಅಪಸ್ಮಾರದ ಔಷಧವು ನೆಗಡಿಯ ಮಾತ್ರೆಯಂತಲ್ಲ. ಫೆನಿಟಾಯಿನ್‌ನಂತಹ ಔಷಧದಲ್ಲಿ ಫಲ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ಆದ್ದರಿಂದ ಕೆಲವು ನಿಯಮಗಳನ್ನು ಪಾಲಿಸಬೇಕು.

ವೈದ್ಯರಿಗೆ ತಿಳಿಸದೆ ಕಂಪನಿಯನ್ನು ಬದಲಾಯಿಸಬಾರದು. ಬದಲಾಯಿಸಿದ ಮೇಲೆ ಸಾಧ್ಯವಾದಷ್ಟು ಅದೇ ಕಂಪನಿಯ ಮಾತ್ರೆಯಲ್ಲೇ ಮುಂದುವರಿಯಬೇಕು. ತಿಂಗಳಿಗೊಂದು ಕಂಪನಿಯಂತೆ ಅಲೆಯಬಾರದು. ಹಲವು ವರ್ಷಗಳಿಂದ ಸೆಳವಿಲ್ಲದೆ ಇರುವವರು, ವಾಹನ ನಡೆಸುವವರು, ಗರ್ಭಿಣಿಯರು ಈ ವಿಷಯದಲ್ಲಿ ಇನ್ನೂ ಹೆಚ್ಚು ಜಾಗರೂಕರಾಗಿರಬೇಕು.

ಪಟ್ಟಿಯ ಮೇಲೆ ಮೂಲ ಹೆಸರಿನ ಮುಂದೆ ಸಿ.ಆರ್., ಇ.ಆರ್. ಎಂಬ ಅಕ್ಷರಗಳಿವೆಯೇ ಎಂದು ನೋಡಬೇಕು. ಇವು ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಗಳು. ಇವುಗಳ ಬದಲಿಗೆ ಸಾಮಾನ್ಯ ಮಾತ್ರೆಯನ್ನು, ಸಾಮಾನ್ಯ ಮಾತ್ರೆಯ ಬದಲಿಗೆ ಇವುಗಳನ್ನು ತೆಗೆದುಕೊಳ್ಳಬಾರದು. ಇವುಗಳನ್ನು ಜಗಿಯಲೂ ಪುಡಿಮಾಡಲೂ ಬಾರದು. ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆಯು ಗಾಳಿಯ ತೇವವನ್ನು ಬೇಗ ಹೀರುತ್ತದೆ. ಆದುದರಿಂದ ಅದನ್ನು ಸೇವಿಸುವ ಹೊತ್ತಿನವರೆಗೂ ಪಟ್ಟಿಯಲ್ಲೇ ಇಡಬೇಕು.

ಹೊಸ ಕಂಪನಿಯ ಮಾತ್ರೆ ಆರಂಭಿಸಿದ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸೆಳವು ಬಂದರೆ, ತಲೆ ತಿರುಗಿದರೆ, ಮಂಪರು ಹೆಚ್ಚಿದರೆ ಅದನ್ನೂ ಬರೆದು ವೈದ್ಯರಿಗೆ ತೋರಿಸಬೇಕು. ಸೆಳವು ಬಂದೊಡನೆ ಮಾತ್ರೆಯನ್ನು ದೂರುವ ಮೊದಲು ಬೇರೆ ಕಾರಣಗಳನ್ನೂ ವಿಚಾರಿಸಬೇಕು. ಹೊತ್ತು ತಪ್ಪಿತೇ? ಜ್ವರವಿತ್ತೇ? ಮದ್ಯಪಾನವಾಗಿತ್ತೇ? ನಿದ್ದೆಗೆಟ್ಟಿತ್ತೇ? ನಿದ್ರಾಭಂಗವು ಸೆಳವನ್ನು ಕೆರಳಿಸುವ ಪ್ರಬಲ ಕಾರಣಗಳಲ್ಲೊಂದು. ಶಿವರಾತ್ರಿಯ ಜಾಗರಣೆ, ಜಾತ್ರೆಯ ರಾತ್ರಿಗಳು ಸಮೀಪಿಸಿದಾಗ ಈ ವ್ಯಾಧಿಯುಳ್ಳ ಭಕ್ತರು ಇದನ್ನು ನೆನಪಿನಲ್ಲಿಡಬೇಕು. ಹಿರಿಯರೂ ಅವರನ್ನು ಜಾಗರಣೆಗೆ ಒತ್ತಾಯಿಸಬಾರದು. ಉಪವಾಸದ ದಿನವೂ ಮಾತ್ರೆಯನ್ನು ಬಿಡುವಂತಿಲ್ಲ.

ಅಗ್ಗವೆಂಬುದೊಂದೇ ಅಳತೆಯಲ್ಲ

ಕಂಪನಿಯನ್ನು ಬದಲಾಯಿಸುವುದು ಬೇರೆ, ಔಷಧವನ್ನೇ ಬದಲಾಯಿಸುವುದು ಬೇರೆ. ಫಿನೋಬಾರ್ಬಿಟೋನ್ ಎಲ್ಲಕ್ಕಿಂತ ಅಗ್ಗವಾದವುಗಳಲ್ಲಿ ಒಂದು. ಆದರೆ ಅದು ಮಂಪರು ತರಬಹುದು, ಮಕ್ಕಳ ಕಲಿಕೆಗೆ ತೊಡಕಾಗಬಹುದು. ಫೆನಿಟಾಯಿನ್ ದೀರ್ಘಕಾಲದ ಸೇವನೆಯಿಂದ ಒಸಡು ಊದಬಹುದು. ವಾಲ್ಪ್ರೊಯೇಟ್ ಗರ್ಭಸ್ಥ ಶಿಶುವಿಗೆ ತೀವ್ರ ಹಾನಿ ಮಾಡಬಲ್ಲದು. ಆದ್ದರಿಂದ ಮಗುವನ್ನು ಪಡೆಯುವ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇರೆ ಔಷಧ ಒಗ್ಗುವುದಾದರೆ ಅದನ್ನು ಕೊಡುವುದಿಲ್ಲ. ಯಾವ ಬಗೆಯ ಸೆಳವಿಗೆ, ಯಾವ ವಯಸ್ಸಿನವರಿಗೆ ಯಾವ ಔಷಧವೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ನೆರೆಮನೆಯವರಿಗೆ ಅಗ್ಗದ ಮಾತ್ರೆ ಒಗ್ಗಿತೆಂದು ನಮ್ಮ ಮನೆಯವರಿಗೂ ಅದನ್ನೇ ತರುವುದು ತರವಲ್ಲ.

ಆದರೆ ವೈದ್ಯರಲ್ಲಿ ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಎರಡು ಮೂರು ಔಷಧಗಳಿದ್ದರೆ ಒಂದರಿಂದಲೇ ನಿಭಾಯಿಸಲು ಸಾಧ್ಯವೇ? ಮಾತ್ರೆಯ ಜೊತೆ ಬರೆದಿರುವ ಟಾನಿಕ್ಕುಗಳು ನಿಜವಾಗಿಯೂ ಬೇಕೇ? ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸೆಳವು ಬಾರದಿದ್ದರೆ ಪ್ರಮಾಣವನ್ನು ಇಳಿಸಬಹುದೇ? ಎಷ್ಟೋ ಮಂದಿಯಲ್ಲಿ ವೈದ್ಯರು ತಿಂಗಳುಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಇಳಿಸಿ ಔಷಧವನ್ನು ನಿಲ್ಲಿಸುವುದುಂಟು. ಹಣದ ತೊಂದರೆಯಿದ್ದರೆ ಅದನ್ನು ಮುಚ್ಚಿಡದೆ ಹೇಳಿರಿ. ಮಾತ್ರೆ ಬಿಟ್ಟದ್ದನ್ನು ರೋಗಿ ಹೇಳದಿದ್ದರೆ, ಔಷಧ ಸಾಲದೆಂದು ತಿಳಿದು ವೈದ್ಯರು ಇನ್ನೂ ದುಬಾರಿಯಾದ ಎರಡನೆಯ ಔಷಧವನ್ನು ಸೇರಿಸುವ ಸಂಭವವಿರುತ್ತದೆ.

ಅಪಸ್ಮಾರವನ್ನು ಮರೆಮಾಚುವ ಮನೆಗಳು ಇಂದಿಗೂ ನಮ್ಮ ನಡುವೆ ಇವೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗದೆ, ದೂರದ ಪಟ್ಟಣದಲ್ಲಿ ಗುಟ್ಟಾಗಿ ದುಬಾರಿ ಔಷಧ ಕೊಳ್ಳುವವರಿದ್ದಾರೆ. ಕೊನೆಗೆ ಹಣ ಸಾಲದೆ ಅದನ್ನೂ ನಿಲ್ಲಿಸುತ್ತಾರೆ. ಈ ಅಳುಕು ಇರುವವರೆಗೆ ಕಡಿಮೆ ಬೆಲೆಯ ಔಷಧ ಊರಿನಲ್ಲೇ ಇದ್ದರೂ ಅವರ ಕೈ ಸೇರುವುದಿಲ್ಲ. ನೆರೆಯಲ್ಲಿ ಇಂಥವರಿದ್ದರೆ ಅವರನ್ನು ಹೀಗಳೆಯದೆ, ತಾಲ್ಲೂಕು ಆಸ್ಪತ್ರೆಯ ದಾರಿಯನ್ನೂ ಜನೌಷಧಿ ಕೇಂದ್ರದ ವಿಳಾಸವನ್ನೂ ತಿಳಿಸಿರಿ. ಅನುಕೂಲವುಳ್ಳವರು ಒಬ್ಬ ಬಡ ರೋಗಿಯ ವರ್ಷದ ಔಷಧದ ಖರ್ಚನ್ನು ವಹಿಸಿಕೊಳ್ಳಬಹುದು. ಹೊತ್ತು ತಪ್ಪದೆ ಸಿಗುವ ಒಂದು ಸಣ್ಣ ಮಾತ್ರೆಯಿಂದ ಒಂದು ಮಗು ಶಾಲೆಗೆ ಮರಳುತ್ತದೆ, ಒಬ್ಬ ದುಡಿಯುವ ವ್ಯಕ್ತಿ ತನ್ನ ಕಾಯಕಕ್ಕೆ ಮರಳುತ್ತಾನೆ.