ಬರಳಿಕಾಡಿನ ಹರಿಗೋಲು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಸುತ್ತಿದವನಿಗೆ ಲಾಭವಾಯಿತು, ಸರಿ. ಅವನು ಸುತ್ತಿಹೋದ ಊರಿಗೆ ಏನು ಸಿಕ್ಕಿತು? ಈ ಪ್ರಶ್ನೆ ನಮಗೆ ಹುಟ್ಟಿದ್ದು ಪಾಠದ ಪುಸ್ತಕದಿಂದಲ್ಲ. ಹತ್ತನೆಯ ತರಗತಿ ಮುಗಿಸಿದ ನಮ್ಮ ಹುಡುಗರು ಒಬ್ಬೊಬ್ಬರಾಗಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೊರಡುವುದನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇವೆ. ಆ ಕೆಲಸ ಕೀಳೆಂದು ನಾವು ಹೇಳುವುದಿಲ್ಲ. ಅದರಿಂದ ಎಷ್ಟೋ ಮನೆಗಳ ಸಾಲ ತೀರಿದೆ. ಆದರೂ ಕಾಡಿನಂಚಿನ ಊರಿನಲ್ಲಿಯೇ ಇದ್ದು ಬದುಕುವ ದಾರಿ ಇಲ್ಲವೆ ಎಂದು ತಾಯಂದಿರು ಕೇಳಿದರೆ, ನಾವು ಬರಳಿಕಾಡಿನ ಸಂಗತಿಯನ್ನು ಹೇಳುತ್ತೇವೆ.

ಬರಳಿಕಾಡು ಕೊಯಮತ್ತೂರು ಜಿಲ್ಲೆಯಲ್ಲಿ, ರಂಗನಾಥನ ತೇರಿಗೆ ಹೆಸರಾದ ಕಾರಮಡೈಯಿಂದ ಪಶ್ಚಿಮಕ್ಕೆ ಬೆಟ್ಟದ ದಾರಿ ಹಿಡಿದರೆ ಸಿಗುವ ಚಿಕ್ಕ ಹಾಡಿ. ಇಲ್ಲಿ ಭವಾನಿ ನದಿಗೆ ಪಿಲ್ಲೂರು ಅಣೆಕಟ್ಟು ಕಟ್ಟಿದ್ದಾರೆ. ಅದು ಕುಂದಾ ಜಲವಿದ್ಯುತ್ ಯೋಜನೆಯ ಒಂದು ಭಾಗ. ಕೊಯಮತ್ತೂರು ನಗರದ ನಲ್ಲಿಗಳಿಗೂ ಇಲ್ಲಿಂದ ನೀರು ಹೋಗುತ್ತದೆ. ದಡದ ಹಾಡಿಗಳಲ್ಲಿ ಇರುಳರು ವಾಸವಾಗಿದ್ದಾರೆ. ನೀರು ನಗರಕ್ಕೆ ಹೋಯಿತು, ವಿದ್ಯುತ್ತೂ ಹೋಯಿತು; ದಡದವರ ಪಾಲಿಗೆ ಉಳಿದದ್ದು ಕಾಡಿನ ಕಿರು ಉತ್ಪನ್ನ, ತುಂಡು ಬೇಸಾಯ ಮತ್ತು ಕೂಲಿ. 2007ರ ಸುಮಾರಿಗೆ ತಮಿಳುನಾಡು ಅರಣ್ಯ ಇಲಾಖೆ ಈ ಜನರನ್ನೇ ಕೂಡಿಸಿಕೊಂಡು ಒಂದು ಹೊಸ ಪ್ರಯತ್ನಕ್ಕೆ ಕೈಹಾಕಿತು.

ಏರ್ಪಾಡು ಬಹಳ ಸರಳ. ಮುಖ್ಯವಾಗಿ ಶನಿವಾರ, ಭಾನುವಾರಗಳಂದು ಮುಂಗಡವಾಗಿ ಹೆಸರು ಬರೆಸಿದವರು ಬೆಳಿಗ್ಗೆ ಬರುತ್ತಾರೆ. ಇರುಳರ ಗಂಡಸರು ಅವರನ್ನು ಹಿನ್ನೀರಿನಲ್ಲಿ ಹರಿಗೋಲಿನ ಮೇಲೆ ಸುತ್ತಿಸುತ್ತಾರೆ. ಮಧ್ಯಾಹ್ನ ಹಾಡಿಯ ಹೆಂಗಸರು ಅಡಿಗೆ ಮಾಡಿ ಬಡಿಸುತ್ತಾರೆ; ಅದರಲ್ಲಿ ರಾಗಿ ಕಳಿಯೂ ಇರುತ್ತದೆ. ತಮಿಳರು ಕಳಿ ಎನ್ನುವುದು ನಮ್ಮ ಮುದ್ದೆಯನ್ನೇ. ನಗರದವರು ಹಣ ತೆತ್ತು ಮುದ್ದೆ ಉಣ್ಣಲು ಬರುತ್ತಾರೆಂದರೆ ನಮ್ಮ ಅಜ್ಜಿಯರು ನಗದೆ ಇರುವರೆ! ಊಟದ ನಂತರ ಸ್ವಲ್ಪ ಕಾಡಿನ ನಡಿಗೆ, ಅತ್ತಿಕಡವಿನ ಕಡೆ ನದಿಯ ಸ್ನಾನ. ಸಂಜೆಯಾಗುವ ಮುನ್ನ ಎಲ್ಲರೂ ಹಿಂತಿರುಗಬೇಕು. ಕತ್ತಲಾದ ಮೇಲೆ ಆ ದಾರಿ ಆನೆಗಳದು.

ಹರಿಗೋಲನ್ನೇ ಏಕೆ ಆರಿಸಿದರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ತಮಿಳಿನಲ್ಲಿ ಇದನ್ನು ಪರಿಸಲ್ ಎನ್ನುತ್ತಾರೆ. ಹಂಪಿಯಲ್ಲಿ, ಹೊಗೇನಕಲ್ಲಿನಲ್ಲಿ ನೋಡಿದವರಿಗೆ ಇದು ಗೊತ್ತು. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮವನ್ನೂ ಈಗ ಟಾರು ಬಳಿದ ಹಾಳೆಯನ್ನೂ ಹೊದಿಸುತ್ತಾರೆ. ತಳ ಅಗಲವಾಗಿ ಚಪ್ಪಟೆಯಾಗಿರುವುದರಿಂದ ಸ್ವಲ್ಪ ನೀರಿದ್ದರೂ ತೇಲುತ್ತದೆ, ಬಂಡೆಗೆ ತಗಲುವುದು ಕಡಿಮೆ. ಮೂತಿ ಇಲ್ಲ, ಹಿಂಬದಿ ಇಲ್ಲ. ಆದ್ದರಿಂದ ಅರಿಯದವನು ಹುಟ್ಟು ಹಾಕಿದರೆ ಇದ್ದಲ್ಲಿಯೇ ತಿರುಗುತ್ತದೆ. ನೇರವಾಗಿ ನಡೆಸುವುದು ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ. ಡೀಸೆಲ್ ಬೇಡ, ದೊಡ್ಡ ಬಂಡವಾಳ ಬೇಡ, ಹಕ್ಕಿಗಳನ್ನು ಬೆದರಿಸುವ ಸದ್ದೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆ ವಿದ್ಯೆಯನ್ನು ಬಲ್ಲವನು ದಡದಲ್ಲಿಯೇ ಹುಟ್ಟಿದವನು. ಮೋಟಾರು ದೋಣಿ ತಂದಿದ್ದರೆ ಅದರ ಒಡೆಯನೂ ಚಾಲಕನೂ ಪೇಟೆಯಿಂದಲೇ ಬರುತ್ತಿದ್ದರೇನೋ.

ಒಂದು ಲೆಕ್ಕ ಮಾಡೋಣ. ಪ್ರವಾಸಿಗನೊಬ್ಬ ನೂರು ರೂಪಾಯಿ ಖರ್ಚು ಮಾಡಿದನೆಂದು ಇಟ್ಟುಕೊಳ್ಳಿ. ಪೇಟೆಯ ಹೋಟೆಲಿನವನು ಊರಂಚಿನಲ್ಲಿ ಕಟ್ಟಡ ಕಟ್ಟಿ, ಪೇಟೆಯಿಂದ ತರಕಾರಿ ತರಿಸಿ, ಪೇಟೆಯ ಆಳುಗಳನ್ನು ಇಟ್ಟುಕೊಂಡರೆ ಊರಿನಲ್ಲಿ ಉಳಿಯುವುದು ಕಸ ಗುಡಿಸುವವಳ ಕೂಲಿಯಷ್ಟೇ. ಅದೇ ನೂರು ರೂಪಾಯಿ ಹುಟ್ಟು ಹಾಕುವವನಿಗೂ ಒಲೆ ಹೊತ್ತಿಸುವವಳಿಗೂ ಹಂಚಿಹೋದರೆ, ಅವರು ಅದರಲ್ಲಿ ಪಕ್ಕದ ಹೊಲದ ರಾಗಿ ಕೊಳ್ಳುತ್ತಾರೆ, ನೆರೆಮನೆಯ ಕೋಳಿ ಕೊಳ್ಳುತ್ತಾರೆ. ಒಂದೇ ಹಣ ಊರೊಳಗೆ ಎರಡು ಮೂರು ಕೈ ಬದಲಾಗುತ್ತದೆ. ನೇಪಾಳದ ಅನ್ನಪೂರ್ಣಾ ಸೀಮೆಯಲ್ಲಿ ಚಾರಣಿಗರ ಪ್ರವೇಶ ಶುಲ್ಕವನ್ನು ಹಳ್ಳಿಗಳ ಕೆಲಸಕ್ಕೆ ಬಳಸುತ್ತ ಬಂದಿರುವುದರ ಹಿಂದೆಯೂ ಇದೇ ವಿಚಾರವಿದೆ.

ಆದರೆ ಈ ಸಂಪಾದನೆಯನ್ನೇ ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. 2012ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಹುಲಿ ಮೀಸಲುಗಳ ತಿರುಳು ಪ್ರದೇಶಗಳಲ್ಲಿ ಪ್ರವಾಸವನ್ನು ನಿಲ್ಲಿಸಿ, ಅಕ್ಟೋಬರಿನಲ್ಲಿ ಕಟ್ಟುನಿಟ್ಟಿನ ನಿಯಮಗಳೊಡನೆ ಮತ್ತೆ ಬಿಟ್ಟಿತು. 2018ರ ಮಾರ್ಚಿಯಲ್ಲಿ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದ ಕಾಳ್ಗಿಚ್ಚಿಗೆ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಬಲಿಯಾದರು. 2020ರಲ್ಲಿ ಕೊರೋನಾ ಬಂದು ದೇಶದ ಪ್ರವಾಸವೇ ನಿಂತಿತು. ಬೇಸಾಯ ಬಿಟ್ಟು ಪ್ರವಾಸಿಗರನ್ನೇ ನಂಬಿದವನ ಒಲೆ ಇಂಥ ದಿನಗಳಲ್ಲಿ ಉರಿಯುವುದಿಲ್ಲ. ವಾರದಲ್ಲಿ ಒಂದೆರಡು ದಿನ ಹರಿಗೋಲು, ಉಳಿದ ದಿನ ಹೊಲ ಎಂಬ ಬರಳಿಕಾಡಿನ ಪದ್ಧತಿ ನಮಗೆ ಮೆಚ್ಚುಗೆಯಾಗುವುದು ಅದಕ್ಕಾಗಿಯೇ.

ಕುರಂಗಣಿಯ ನಂತರ ಸರ್ಕಾರ ಚಾರಣಕ್ಕೆ ನಿಯಮಗಳನ್ನು ಮಾಡಿತು. 2024ರ ಅಕ್ಟೋಬರಿನಲ್ಲಿ ‘ಟ್ರೆಕ್ ತಮಿಳುನಾಡು’ ಎಂಬ ಹೆಸರಿನಲ್ಲಿ 40 ಕಾಡುದಾರಿಗಳನ್ನು ತೆರೆಯಿತು. ಪೊಳ್ಳಾಚಿಯ ಮೇಲಿನ ಟಾಪ್‌ಸ್ಲಿಪ್ ಸೀಮೆಯ ದಾರಿಯೂ ಅವುಗಳಲ್ಲಿ ಸೇರಿದೆ. ದಾರಿ ತೋರಿಸಲು ಕಾಡಂಚಿನ ಹಳ್ಳಿಗಳ, ಬುಡಕಟ್ಟುಗಳ ಯುವಕ ಯುವತಿಯರಿಗೆ ತರಬೇತಿ ಕೊಟ್ಟಿದ್ದಾರೆ. ಹೆಜ್ಜೆ ಗುರುತು ನೋಡಿ ಪ್ರಾಣಿಯನ್ನು ಹೇಳಬಲ್ಲ, ಗಾಳಿಯ ವಾಸನೆಯಿಂದ ಆನೆಯನ್ನು ತಿಳಿಯಬಲ್ಲ ಹುಡುಗ ನಮ್ಮ ಶಾಲೆಯಲ್ಲೂ ಇದ್ದಾನೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಇಂಥ ಕೆಲಸದಲ್ಲಿ ಅದಕ್ಕೆ ಸಂಬಳವುಂಟು.

ಕಡೆಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಶಾಲೆಯ ಪ್ರವಾಸಕ್ಕೆ ಹೊರಟಾಗಲೆಲ್ಲ ನಾವು ಬಸ್ಸಿನ ಮೇಲೆ ಅಡಿಗೆಯ ಪಾತ್ರೆ, ಅಕ್ಕಿ ಮೂಟೆ ಹೇರಿಕೊಂಡು ಹೋಗುತ್ತೇವೆ. ಎರಡು ದಿನಕ್ಕೆ ಏಳು ಸ್ಥಳ ನೋಡಿ, ಎಲೆ ಬಿಸಾಡಿ ಬರುತ್ತೇವೆ. ಖರ್ಚು ಉಳಿಯಿತೆಂದು ಹಿಗ್ಗುತ್ತೇವೆ. ಈ ವರ್ಷ ಪೋಷಕರ ಸಭೆಯಲ್ಲಿ ಈ ಮಾತು ಬಂದಿತು. ಏಳರ ಬದಲು ಎರಡೇ ಸ್ಥಳ, ಒಂದು ಹೊತ್ತಿನ ಊಟವಾದರೂ ಆ ಊರಿನ ಹೆಂಗಸರ ಕೈಯಲ್ಲಿ ಎಂದು ತೀರ್ಮಾನವಾಗಿದೆ. ತಲೆಗೆ ಎಷ್ಟು ಹೆಚ್ಚು ಬೀಳುತ್ತದೆಂಬುದನ್ನು ಒಂಬತ್ತನೆಯ ತರಗತಿಯವರು ಲೆಕ್ಕ ಹಾಕುತ್ತಿದ್ದಾರೆ.