ಹೊಳೆಯಲ್ಲಿ ಕೊಳೆ ಎಷ್ಟು ಕೆಜಿ?

ಕಾರ್ತೀಕದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮೂಟೆ ಹಾಕಿಕೊಂಡು ಹೋಗುವುದು ನನಗೆ ಹಳೇ ರೂಢಿ. ಅಲ್ಲಿನ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹೊಳೆ ಹುಟ್ಟುತ್ತದೆ ಅಂತ ನಂಬಿಕೆ. ಹೋದ ಪರಿಷೆಯಲ್ಲಿ ಮೂಟೆ ಖಾಲಿಯಾದ ಮೇಲೆ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಹತ್ತಿರ ಹೋಗಿ ಅದೇ ಹೊಳೆ ನೋಡಿದೆ. ಕಪ್ಪು ನೀರು, ನೊರೆ, ವಾಸನೆ. ಇದು ಕೆಂಗೇರಿ, ಬಿಡದಿ ದಾಟಿ ಬೈರಮಂಗಲ ಕೆರೆಗೆ ಬಿದ್ದು, ಮುಂದೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ.

ನೋಡೋಕೆ ಹೋಗಿದ್ದಕ್ಕೆ ಕಾರಣ ಇದೆ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡೋದು 2018ರಲ್ಲೇ ಶುರುವಾಯಿತು. ವೃಷಭಾವತಿ ಕಣಿವೆಯ ನೀರನ್ನು ನೆಲಮಂಗಲ, ತುಮಕೂರು ಕಡೆ ಕೆರೆಗಳಿಗೆ ಏರಿಸುವ ಯೋಜನೆಯೂ ಇದೆ. ನಮ್ಮದು ಆ ಸೀಮೆಯ ಒಣ ಭೂಮಿ. ಕೆರೆಗೆ ನೀರು ಬರುತ್ತದೆ ಅಂದರೆ ಬೇಡ ಅನ್ನೋಕೆ ಬಾಯಿ ಬರಲ್ಲ. ಆದರೆ ನೀರಿನ ಜೊತೆ ಏನು ಬರುತ್ತದೆ, ಎಷ್ಟು ಬರುತ್ತದೆ?

ನಾನು ಏಳನೇ ಕ್ಲಾಸು. ಆದರೂ ಈ ಲೆಕ್ಕ ಕಷ್ಟದ್ದಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯವರು ನದಿಗಳಲ್ಲಿ ಗೊತ್ತಾದ ಜಾಗದಿಂದ ಸಾಮಾನ್ಯವಾಗಿ ತಿಂಗಳಿಗೊಮ್ಮೆ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ವರದಿಯಲ್ಲಿ ಅಂಕಿ ಇರುವುದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಇದು ಸಾರಿಗೆ ಉಪ್ಪು ಎಷ್ಟು ಅಂತ ರುಚಿ ನೋಡಿದ ಹಾಗೆ. ಪಾತ್ರೆ ಎಷ್ಟು ದೊಡ್ಡದು ಅಂತ ತಿಳಿಯದೆ ಹಾಕಿದ ಉಪ್ಪು ಎಷ್ಟು ಸೇರು ಅಂತ ಹೇಳೋಕಾಗಲ್ಲ. ಹೊಳೆಗೂ ಹಾಗೇ, ಹರಿವಿನಿಂದ ಗುಣಿಸಬೇಕು.

ಗುಣಾಕಾರ ಸುಲಭ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಹತ್ತು ಲಕ್ಷ ಲೀಟರಿನಲ್ಲಿ ಒಂದು ಕೆಜಿ. ನಮ್ಮಂಥ ಕೆರೆಗೆ ದಿನಕ್ಕೆ 20 ಲಕ್ಷ ಲೀಟರು ಬರುತ್ತದೆ, ಕರಗಿದ ಲವಣ 600 ಮಿಲಿಗ್ರಾಂ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. 2 ಗುಣಿಸು 600, ಅಂದರೆ ದಿನಕ್ಕೆ 1,200 ಕೆಜಿ ಲವಣ. ವರ್ಷಕ್ಕೆ 438 ಟನ್! ಕಾಗದದ ಮೇಲೆ 600 ಅನ್ನುವುದು ಏನೂ ಅಲ್ಲ ಅನ್ನಿಸುತ್ತದೆ. ಮಾಮೂಲಿ ಶುದ್ಧೀಕರಣದಲ್ಲಿ ಕೊಳೆಯುವ ಹೊಲಸು ಕಡಿಮೆಯಾಗುತ್ತದೆ, ಕರಗಿದ ಲವಣ ಹೋಗಲ್ಲ. ಕೋಡಿ ಬೀಳದ ಕೆರೆಯಲ್ಲಿ ನೀರು ಆವಿಯಾಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಅಚ್ಚುಕಟ್ಟು ಚೌಳು ಆಗುವುದು ಹೀಗೆ.

ಹೊಲಕ್ಕೂ ಇದೇ ಲೆಕ್ಕ. ಎಕರೆಗೆ ಒಂದಂಗುಲ ನೀರು ನಿಲ್ಲಿಸಿದರೆ ಸುಮಾರು ಒಂದು ಲಕ್ಷ ಲೀಟರು. ಸಾರಜನಕ 20 ಮಿಲಿಗ್ರಾಂ ಇದ್ದರೆ ಅಂಗುಲಕ್ಕೆ 2 ಕೆಜಿ. ಹತ್ತಂಗುಲ ಹಾಯಿಸಿದರೆ 20 ಕೆಜಿ, ಅಂದರೆ ಖುಷ್ಕಿ ರಾಗಿಗೆ ಎಕರೆಗೆ ಹೇಳುವಷ್ಟು ಸಾರಜನಕ ನೀರಿನಲ್ಲೇ ಬಂತು. ಮೇಲೆ ಯೂರಿಯಾನೂ ಹಾಕಿದರೆ ಪೈರು ಸೊಕ್ಕಿ ಮಲಗದೆ ಇನ್ನೇನು ಮಾಡೀತು?

ಹೊಳೆಯ ಹರಿವು ಅಳೆಯುವುದನ್ನೂ ನಾವೇ ಮಾಡಬಹುದು. ನೇರವಾಗಿರುವ ಕಡೆ ಅಗಲ, ಸರಾಸರಿ ಆಳ ನೋಡಿ. ತೆಂಗಿನಚಿಪ್ಪು ತೇಲಿಬಿಟ್ಟು ಹತ್ತು ಮೀಟರು ಎಷ್ಟು ಸೆಕೆಂಡಿಗೆ ಹೋಯಿತು ಅಂತ ಎಣಿಸಿ. 5 ಮೀಟರು ಅಗಲ, ಅರ್ಧ ಮೀಟರು ಆಳ, ಸೆಕೆಂಡಿಗೆ 0.4 ಮೀಟರು ವೇಗ ಇದ್ದರೆ ಸೆಕೆಂಡಿಗೆ ಒಂದು ಘನ ಮೀಟರು. ದಿನಕ್ಕೆ ಅದು 8 ಕೋಟಿ 64 ಲಕ್ಷ ಲೀಟರು. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ ಬಂದದ್ದನ್ನು 0.85ರಿಂದ ಗುಣಿಸಿ. ಇಂಥ ಹೊಳೆಗೆ ಬರಿಗಾಲಲ್ಲಿ ಮಾತ್ರ ಇಳಿಯಬೇಡಿ.

ಎಡವುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಸೆಕೆಂಡಿಗೆ 1 ಘನ ಮೀಟರು ಹರಿವು, ಯಾವುದೋ ಒಂದು ಕೊಳೆ 60 ಮಿಲಿಗ್ರಾಂ ಅನ್ನಿ. ದಿನಕ್ಕೆ 5,184 ಕೆಜಿ. ಮಳೆ ಬಂದು ಹರಿವು 5 ಆಗಿ, ಅಂಕಿ 20ಕ್ಕೆ ಇಳಿಯಿತು. ವರದಿ ಓದಿದವರು ಹೊಳೆ ಚೊಕ್ಕಟವಾಯಿತು ಅಂತಾರೆ. ಗುಣಿಸಿದರೆ 8,640 ಕೆಜಿ! ಇನ್ನೊಂದು, ತಿಂಗಳಿಗೊಮ್ಮೆ ಹಗಲು ಹೊತ್ತು ತೆಗೆದ ಒಂದು ಬಾಟಲಿಗೆ ರಾತ್ರಿ ಯಾರು ಏನು ಬಿಟ್ಟರು ಅಂತ ಗೊತ್ತಾಗಲ್ಲ. ಲೋಹದ ಲೇಪ ಮಾಡುವ ಕಾರ್ಖಾನೆಯವನೊಬ್ಬ ಎರಡು ಗಂಟೆ ತೊಟ್ಟಿ ತೆರೆದು ಮುಚ್ಚಿದರೆ ಅದು ಯಾವ ಪಟ್ಟಿಗೂ ಬರಲಿಕ್ಕಿಲ್ಲ. ಅದಕ್ಕೇ ಹನ್ನೆರಡು ಅಂಕಿ ಕೂಡಿಸಿ ಭಾಗಿಸಿ ವರ್ಷದ ಲೆಕ್ಕ ಅಂದರೆ ನಾನು ಒಪ್ಪಲ್ಲ. ಬೇರೆಬೇರೆ ಹೊತ್ತಿನಲ್ಲಿ, ಮಳೆ ದಿನವೂ ಸೇರಿಸಿ ಮಾದರಿ ತೆಗೆಯಬೇಕು, ಪ್ರತಿ ಸಲವೂ ಹರಿವು ಬರೆಯಬೇಕು.

ಲವಣ ನೋಡೋಕೆ ಜೇಬಿನಲ್ಲಿಡುವ ವಿದ್ಯುತ್ ವಾಹಕತೆ ಮೀಟರು ಸಾಕು. ಅದು ತೋರಿಸಿದ ಮೈಕ್ರೋಮೋ ಅಂಕಿಯನ್ನು 0.64ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಅಂದಾಜು ಸಿಗುತ್ತದೆ. ನೀರಾವರಿಗೆ ಕೇಂದ್ರ ಮಂಡಳಿಯ ಮಿತಿ 2,250 ಮೈಕ್ರೋಮೋ. ಸೀಸ, ಕ್ರೋಮಿಯಂ ಮಾತ್ರ ಪ್ರಯೋಗಾಲಯದಲ್ಲೇ ಆಗಬೇಕು, ಆಮ್ಲ ಹಾಕಿದ ಬಾಟಲಿ ಅವರಿಂದಲೇ ಕೇಳಿ ತನ್ನಿ.

ನಮ್ಮೂರ ಗ್ರಾಮಸಭೆಯಲ್ಲಿ ನಾನು ಕೇಳಿದ್ದು ಎರಡೇ. ಕೆರೆಗೆ ದಿನಕ್ಕೆ ಎಷ್ಟು ನೀರು ಬಿಡುತ್ತೀರಿ ಅಂತ ಬರೆಯುವ ಪುಸ್ತಕ, ಯಾವ ದಿನ ಎಷ್ಟು ಗಂಟೆಗೆ ತೆಗೆದದ್ದು ಅಂತ ನಮೂದಿರುವ ಪರೀಕ್ಷಾ ವರದಿ. ಎರಡನ್ನೂ ಪಂಚಾಯಿತಿ ಗೋಡೆಗೆ ಅಂಟಿಸಿ, ಗುಣಾಕಾರ ನಾವು ಮಾಡಿಕೊಳ್ಳುತ್ತೇವೆ ಅಂದೆ. ಬರೆದುಕೊಂಡು ಹೋಗಿದ್ದಾರೆ.