ಹಂಪಿಯಲ್ಲಿ ರಾಜನ ಅರಮನೆ ಎಲ್ಲಿ?



ದಾದರಿನಲ್ಲಿ ರಾತ್ರಿ ಗದಗ ರೈಲು ಹತ್ತಿ, ಹಂಪಿ ನೋಡಿ ಬಂದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಕಲ್ಲಿನ ರಥ, ಆನೆ ಲಾಯ ಎಲ್ಲ ನೋಡಿಯಾದ ಮೇಲೆ ಮಕ್ಕಳು ಕೇಳುವ ಪ್ರಶ್ನೆ ಒಂದಿದೆ: "ರಾಜನ ಅರಮನೆ ಎಲ್ಲಿ?" ಗೈಡ್ ಕೈ ತೋರಿಸುವುದು ಬರೀ ಕಲ್ಲಿನ ಜಗಲಿಗಳತ್ತ.

ಉತ್ತರ ಸಿಗುವುದು 1565ರಲ್ಲಿ. ಆ ಜನವರಿ 23ರಂದು ಕೃಷ್ಣಾ ನದಿಯ ಹತ್ತಿರ ನಡೆದ ಯುದ್ಧದಲ್ಲಿ ಅಳಿಯ ರಾಮರಾಯನ ತಲೆ ಉರುಳಿತು. ಗೆದ್ದವರು ವಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರದ ಸುಲ್ತಾನರು. ತಮ್ಮ ತಿರುಮಲ ರಾಜಧಾನಿಗೆ ಧಾವಿಸಿ, ಖಜಾನೆಯನ್ನು ಆನೆಗಳ ಮೇಲೆ ಹೇರಿಸಿಕೊಂಡು, ಅರಸ ಸದಾಶಿವರಾಯನೊಂದಿಗೆ ಪೆನುಕೊಂಡೆಗೆ ಹೊರಟುಬಿಟ್ಟ. ಊರು ಕಾಯಲು ಯಾರೂ ಉಳಿಯಲಿಲ್ಲ. ಲೂಟಿ, ಬೆಂಕಿ ತಿಂಗಳುಗಟ್ಟಲೆ ನಡೆದವು.

ಅರಮನೆಗಳ ಬುಡ ಮಾತ್ರ ಕಲ್ಲಿನದು, ಮೇಲಿನದೆಲ್ಲ ಮರ. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಗೋಡೆಯಿಂದ ತೊಲೆಯವರೆಗೆ ದಂತವೇ ತುಂಬಿದ್ದ ಒಂದು ಕೋಣೆಯನ್ನು ಕಂಡು ಬೆರಗಾಗಿದ್ದ. ಇಂಥವು ಬೆಂಕಿಗೆ ಎಷ್ಟು ಹೊತ್ತು ತಡೆದಾವು? ಅರಮನೆಗಳ ಆವರಣವನ್ನು ಅಗೆದಾಗ ಸಿಕ್ಕಿದ್ದು ಇದ್ದಿಲು, ಬೂದಿ.

ಕಲ್ಲೂ ಸುಮ್ಮನೆ ಬಿಡಿಸಿಕೊಳ್ಳಲಿಲ್ಲ. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಹರಳು ಸುಮಾರು 573 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಮ್ಮೆಲೇ ಹಿಗ್ಗುತ್ತದೆ. ಕಲ್ಲು ಸಿಡಿದು ಚಕ್ಕೆ ಏಳುತ್ತದೆ. ವಿಠ್ಠಲ ದೇವಸ್ಥಾನದಲ್ಲೂ ಬೆಂಕಿ ಹಾಕಿದ್ದರು. ಗಾರೆ, ಕಮಾನುಗಳ ಕಮಲ ಮಹಲು ಮತ್ತು ಆನೆ ಲಾಯ ಮಾತ್ರ ನಿಂತುಕೊಂಡವು. ವಿರೂಪಾಕ್ಷನ ಗುಡಿ ಉಳಿಯಿತು, ಪೂಜೆ ಇಂದಿಗೂ ನಡೆದಿದೆ. ಅದೇಕೆ ಉಳಿಯಿತು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ.

ಇನ್ನು, ಊರಿಗೆ ಊರೇ ಸುಟ್ಟು ಹೋಯಿತು ಎನ್ನುವ ಮಾತು. ಅದನ್ನು ಪೂರ್ತಿ ನಂಬಬೇಡಿ. 1567ರಲ್ಲಿ ಇಲ್ಲಿಗೆ ಬಂದು ತಿಂಗಳುಗಟ್ಟಲೆ ಇದ್ದ ವೆನಿಸಿನ ವ್ಯಾಪಾರಿ ಫೆಡರಿಚಿ ಬರೆದಿದ್ದಾನೆ: ಮನೆಗಳು ಇನ್ನೂ ನಿಂತಿವೆ, ಆದರೆ ಖಾಲಿ, ಒಳಗೆ ಹುಲಿ ಮತ್ತಿತರ ಕಾಡುಪ್ರಾಣಿಗಳ ವಾಸವಂತೆ! ತಿರುಮಲ ಹಿಂದಿರುಗಿ ಊರನ್ನು ಮತ್ತೆ ತುಂಬಿಸಲು ನೋಡಿದ, ಆಗಲಿಲ್ಲ. ರಾಜಧಾನಿ ಪೆನುಕೊಂಡೆಯಿಂದ ಮುಂದೆ ಚಂದ್ರಗಿರಿಗೆ ಸರಿಯಿತು. ದರಬಾರು ಹೋದ ಮೇಲೆ ವ್ಯಾಪಾರಿಗೆ, ಅಕ್ಕಸಾಲಿಗೆ ಅಲ್ಲೇನು ಕೆಲಸ? ಗಿರಣಿಗಳು ಮುಚ್ಚಿದ ಮೇಲೆ ಪರಳ, ಲಾಲಬಾಗ್ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಕಿ ಅರಮನೆಯನ್ನು ತಿಂದಿತು. ಊರನ್ನು ಬರಿದು ಮಾಡಿದ್ದು ಹೊಟ್ಟೆಪಾಡು ಎಂದೇ ನಮಗನ್ನಿಸುತ್ತದೆ.

ಮುಂದಿನ ಸಲ ಹೋದಾಗ ಮಹಾನವಮಿ ದಿಬ್ಬದ ಹತ್ತಿರವೇ ಇರುವ ನೂರು ಕಂಬದ ಸಭಾಂಗಣಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಕಂಬ ಒಂದೂ ಇಲ್ಲ. ಜಗಲಿಯ ಮೇಲೆ ಸಾಲಿಗೆ ಹತ್ತರಂತೆ ಮರದ ಕಂಬ ನಿಲ್ಲಿಸಿದ್ದ ಕುಳಿಗಳಿವೆ, ಎಣಿಸಲು ಹೇಳಿ.